ಅಜ್ಜನ ಜಾಗ, ಅಡಿಯ ಕಲ್ಲು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕನ್ನಡ ಆಧಾರ ಓದಿಕೊಡುವುದು ನನ್ನ ಕೆಲಸ. ಆಧಾರ ಅಂದರೆ ಕಾರ್ಡು ಅಲ್ಲ, ಜಾಗದ ದಸ್ತಾವೇಜು. ಕಾಸರಗೋಡಿನಲ್ಲಿ ನಾವು ಮೊದಲಿನಿಂದಲೂ ಹಾಗೇ ಹೇಳುವುದು. ಮನೆಯ ಮಕ್ಕಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದಿರುತ್ತಾರೆ. ಮುತ್ತಜ್ಜನ ಕೂಡಕ್ಷರ, ಅಂದರೆ ಕೂಡಿಸಿ ಬರೆದ ಹಳೆಯ ಕೈಬರಹ, ಅವರಿಗೆ ಹತ್ತುವುದಿಲ್ಲ. ಹಾಗಾಗಿ ಟ್ರಂಕಿನ ಕಟ್ಟು ನನ್ನ ಮೇಜಿಗೆ ಬರುತ್ತದೆ.

ಮೊದಲೆಲ್ಲ ಪಾಲಿನ ತಕರಾರಿಗೆ ಬರುತ್ತಿದ್ದರು. ಈಗೀಗ ಕಲ್ಲಿನ ವಿಷಯಕ್ಕೂ ಬರುತ್ತಾರೆ. ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲು) ಕೆಂಪುಕಲ್ಲು ಇದೆ, ಗುಡ್ಡೆಯಲ್ಲಿ ಕಗ್ಗಲ್ಲು ಇದೆ, ಯಾರೋ ಕೇಳಿಕೊಂಡು ಬಂದಿದ್ದಾರೆ, ನಮಗೆ ಹಕ್ಕು ಉಂಟಾ? ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಕೆಳಗೆ ಹಾಕಿದ್ದೇನೆ. ನಾನು ವಕೀಲ ಅಲ್ಲ. ಕೋರ್ಟಿಗೆ ಹೋಗುವ ಮೊದಲು ಕಾಗದ ಜೋಡಿಸಿಕೊಳ್ಳಲು ಇದು ಸಾಕು, ಕೋರ್ಟಿನಲ್ಲಿ ವಾದಿಸಲು ಸಾಲದು.

## ಶುರುವಿನ ಪ್ರಶ್ನೆಗಳು

"ನಮ್ಮ ಜಾಗದ ಅಡಿಯ ಕಲ್ಲು ನಮ್ಮದೇ ಅಲ್ವಾ?"

ಹೌದು ಅಂತಲೂ ಹೇಳುವ ಹಾಗಿಲ್ಲ, ಅಲ್ಲ ಅಂತ ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2013ರ ಜುಲೈ 8ರಂದು ಸುಪ್ರೀಂ ಕೋರ್ಟು ತ್ರೇಸ್ಯಮ್ಮ ಜೇಕಬ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಲಬಾರಿನ ಜನ್ಮ ಜಾಗದವರು (ಜಾಗದ ಪೂರ್ತಿ ಯಜಮಾನಿಕೆ ಇದ್ದವರು) ಕೇರಳದ ಗಣಿ ಇಲಾಖೆಯ ವಿರುದ್ಧ ಹೋಗಿದ್ದ ಪ್ರಕರಣ ಅದು. ಅಡಿಯ ಖನಿಜವೆಲ್ಲ ಸರಕಾರದ್ದು ಅಂತ ಹೇಳುವ ಕಾನೂನು ಯಾವುದೂ ಇಲ್ಲ, ಸಾಮಾನ್ಯವಾಗಿ ಅದು ಮೇಲಿನ ಜಾಗದ ಯಜಮಾನನಿಗೇ ಸೇರಿದ್ದು ಎಂದಿತು ಕೋರ್ಟು. ಆದರೆ ಆ ಮಾತಿಗೆ ಒಂದು ಬಾಲ ಇತ್ತು: ಸರಿಯಾದ ಕಾನೂನು ಕ್ರಮದಲ್ಲಿ ಆ ಹಕ್ಕನ್ನು ಅವನಿಂದ ತೆಗೆದಿರದಿದ್ದರೆ. ಆ ಬಾಲವನ್ನೇ ಹಿಡಿದು ಕೇರಳ 2021ರಲ್ಲಿ ಖನಿಜದ ಹಕ್ಕನ್ನು ಸರಕಾರಕ್ಕೆ ಸೇರಿಸುವ ಕಾನೂನನ್ನು ತಂದಿತು. 2013ರ ತೀರ್ಪಿನ ಪ್ರತಿ ಹಿಡಿದುಕೊಂಡು ಬರುವವರು ಇದನ್ನು ಓದಿರುವುದಿಲ್ಲ.

ಹಾಗಾದರೆ ಮನೆಯವರಿಗೆ ಉಳಿದದ್ದೇನು? ಒಪ್ಪಿಗೆ. ಕೆಂಪುಕಲ್ಲು, ಕಗ್ಗಲ್ಲು, ಜಲ್ಲಿ, ಮಣ್ಣು ಇವೆಲ್ಲ 1957ರ ಗಣಿ ಕಾನೂನಿನ ಪ್ರಕಾರ 'ಮೈನರ್ ಮಿನರಲ್'. ಖಾಸಗಿ ಜಾಗದಿಂದ ಇವನ್ನು ತೆಗೆಯಲು ಜಿಯಾಲಜಿಯವರ, ಅಂದರೆ ಗಣಿ ಇಲಾಖೆಯ, ಪರ್ಮಿಟ್ ಬೇಕು. ಪರ್ಮಿಟ್ ಕೇಳುವವನು ಒಂದೋ ಜಾಗದ ಯಜಮಾನ ಆಗಿರಬೇಕು, ಇಲ್ಲ ಯಜಮಾನನ ಒಪ್ಪಿಗೆ ಪತ್ರ ತರಬೇಕು. ಕೋರೆಯವರು ನಿಮಗೆ ಕೊಡುವ ದುಡ್ಡು ಆ ಸಹಿಗೆ ಸಿಗುವ ದುಡ್ಡು. ಆದ್ದರಿಂದ ಹಳೆ ಕಾಗದದಲ್ಲಿ ಹುಡುಕಬೇಕಾದದ್ದು ಒಂದೇ: ಈ ಸರ್ವೆ ನಂಬ್ರಕ್ಕೆ ಇವತ್ತು ಯಾರೆಲ್ಲ ಸಹಿ ಹಾಕಬೇಕು?

"ಕಲ್ಲಿನ ಹಕ್ಕಿಗೆ ಬೇರೆ ಕಾಗದ ಇರ್ತದಾ? ನಮ್ಮ ಕಟ್ಟಿನಲ್ಲಿ ಕಾಣುವುದಿಲ್ಲ"

ಇರುವುದಿಲ್ಲ. ಗಾಬರಿ ಬೇಡ. ಅಮೆರಿಕದಲ್ಲಿ ಮೇಲಿನ ಜಾಗ ಒಬ್ಬನಿಗೆ, ಅಡಿಯ ಎಣ್ಣೆ ಇನ್ನೊಬ್ಬನಿಗೆ ಅಂತ ಬೇರೆ ಬೇರೆ ದಾಖಲೆ ಇರುತ್ತದೆ. ಅಲ್ಲಿ ಕೆಲಸ ಮಾಡುವ ಮಗನೋ ಅಳಿಯನೋ ಅದನ್ನು ಕೇಳಿಕೊಂಡು ಬಂದು ಇಲ್ಲಿ ಹುಡುಕಿಸುತ್ತಾರೆ. ನಮ್ಮಲ್ಲಿ ಕಲ್ಲಿನ ಒಪ್ಪಿಗೆ ಜಾಗದ ಬೆನ್ನು ಹಿಡಿದು ಹೋಗುತ್ತದೆ. ಜಾಗದ ಕೊಂಡಿಗಳು ಸರಿಯಾಗಿ ಕೂಡಿಕೊಂಡರೆ ಕಲ್ಲಿನ ಪ್ರಶ್ನೆಯೂ ಅಲ್ಲೇ ಮುಗಿಯುತ್ತದೆ.

"ಯಾವ ಕಾಗದದಿಂದ ಶುರು ಮಾಡುವುದು?"

ಹೊಸದರಿಂದ ಹಳೆಯದಕ್ಕೆ ಹೋಗಿ. ಎಲ್ಲರೂ ತಾಳೆಗರಿಯಿಂದ ಶುರು ಮಾಡುತ್ತಾರೆ. ಅದು ನೋಡಲು ಚಂದ, ಆದರೆ ಅದರಲ್ಲಿರುವ ಜಾಗ ಈಗಿನ ಯಾವ ನಂಬ್ರ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಈ ವರ್ಷದ ತೆರಿಗೆ ರಶೀದಿ ತೆಗೆಯಿರಿ. ಅದರಲ್ಲಿ ಗ್ರಾಮ, ಸರ್ವೆ ನಂಬ್ರ, ಸಬ್ ಡಿವಿಜನ್, ಎಕರೆ-ಸೆಂಟ್ಸಿನಲ್ಲೋ ಹೆಕ್ಟೇರಿನಲ್ಲೋ ವಿಸ್ತೀರ್ಣ, ತಂಡಪೇರು ನಂಬ್ರ (ವಿಲೇಜ್ ಆಫೀಸಿನ ತೆರಿಗೆ ಲೆಕ್ಕದ ನಂಬ್ರ) ಇರುತ್ತವೆ. ಆಮೇಲೆ ವಿಲೇಜ್ ಆಫೀಸಿನಲ್ಲಿ ಬಿ.ಟಿ.ಆರ್. ನೋಡಿ. ಅದೇ ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್. ಜಾಗ ಗದ್ದೆಯೋ ಪುಂಜವೋ (ಒಣ ಜಾಗ) ಪೊರಂಬೋಕೋ (ಸರಕಾರಿ ಜಾಗ) ಅಂತ ಅದರಲ್ಲಿ ಇರುತ್ತದೆ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇ.ಸಿ., ಅಂದರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟು, ತರಿಸಿ. ಆ ಜಾಗದ ಮೇಲೆ ನಡೆದ ಕ್ರಯ, ಅಡವು, ಪಾಲು ಎಲ್ಲ ಅದರಲ್ಲಿ ಸಾಲಾಗಿ ಬರುತ್ತದೆ. ಅದನ್ನು ಹಿಡಿದು ಒಂದೊಂದೇ ಆಧಾರದ ನಕಲು ತರಿಸುತ್ತಾ ಹಿಂದೆ ಹೋಗಿ.

ಅಜ್ಜ ವೀಲುನಾಮೆ ಬರೆದಿಟ್ಟಿದ್ದರೆ ಅದು ಇ.ಸಿ.ಯಲ್ಲಿ ಕಾಣುವುದಿಲ್ಲ. ರಿಜಿಸ್ಟ್ರಾರರಲ್ಲಿ ಸ್ಥಿರಾಸ್ತಿಯ ಆಧಾರ ಒಂದನೇ ಪುಸ್ತಕದಲ್ಲಿ, ವೀಲುನಾಮೆ ಮೂರನೇ ಪುಸ್ತಕದಲ್ಲಿ. ಒಂದನೆಯದನ್ನು ಯಾರು ಬೇಕಾದರೂ ನೋಡಬಹುದು. ಮೂರನೆಯದರ ನಕಲು ಬರೆದವರು ತೀರಿಹೋದ ಮೇಲಷ್ಟೇ ಬೇರೆಯವರಿಗೆ ಸಿಗುತ್ತದೆ. ಮರಣ ಸರ್ಟಿಫಿಕೇಟು ಹಿಡಿದುಕೊಂಡು ಹೋಗಿ.

"ತಂಡಪೇರು ಇನ್ನೂ ಅಜ್ಜನ ಹೆಸರಲ್ಲೇ ಉಂಟು. ಜಾಗ ಹೋಯ್ತಾ?"

ಇಲ್ಲ. ತಂಡಪೇರು ತೆರಿಗೆಯ ಲೆಕ್ಕ, ಯಜಮಾನಿಕೆಯ ಸಾಕ್ಷಿ ಅಲ್ಲ. ಕೇರಳದ 1966ರ ಟ್ರಾನ್ಸ್‌ಫರ್ ಆಫ್ ರಿಜಿಸ್ಟ್ರಿ ನಿಯಮಗಳಲ್ಲೇ ಈ ಮಾತು ಇದೆ: ಹೆಸರು ಬದಲಾಯಿಸಿದ ಮಾತ್ರಕ್ಕೆ ಹಕ್ಕು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ಕಲ್ಲಿನ ವಿಷಯದಲ್ಲಿ ಇದು ಬೇರೆ ರೀತಿಯಲ್ಲಿ ಕೈ ಕೊಡುತ್ತದೆ. ಅದನ್ನು ಕೆಳಗೆ ನಮ್ಮ ಮನೆಯ ಕಥೆಯಲ್ಲಿ ಹೇಳಿದ್ದೇನೆ.

"1956ರ ಮೊದಲಿನ ಕಾಗದಕ್ಕೆ ಮಂಗಳೂರಿಗೆ ಹೋಗಬೇಕಾ?"

ಹೆಚ್ಚಿನವರಿಗೆ ಬೇಡ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿತು, ಕಣ್ಣೂರು ಜಿಲ್ಲೆಯಲ್ಲಿತ್ತು, 1984ರ ಮೇ 24ರಂದು ಬೇರೆ ಜಿಲ್ಲೆಯಾಯಿತು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಸರ್ವೆ ಕಲ್ಲು ಮಾತ್ರ ಅಲ್ಲೇ ನಿಂತಿತು. ಮೊದಲು ಇಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಕೇಳಿ. ಮದ್ರಾಸ್ ರೆವಿನ್ಯೂ ಬೋರ್ಡಿನ ಕಡತಗಳು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿವೆ. ಒಂದು ಮನೆಯ ಎರಡು ಎಕರೆಗೋಸ್ಕರ ಅಲ್ಲಿ ತನಕ ಹೋಗುವ ಸಂದರ್ಭ ಅಪರೂಪ.

## ಹಳೆ ಆಧಾರ ಓದುವವರಿಗೆ

"ಮುತ್ತಜ್ಜನ ಕ್ರಯಚೀಟಿಯಲ್ಲಿ 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಬರೆದಿದ್ದಾರೆ. ಪಾಷಾಣ ಅಂದರೆ ಕಲ್ಲೇ ಅಲ್ವಾ?"

ಇದು ನನಗೆ ಬಲು ಇಷ್ಟದ ಪ್ರಶ್ನೆ.

ಹೋದ ಮಳೆಗಾಲ ಪೆರ್ಲ ಕಡೆಯ ಒಬ್ಬ ಅಕ್ಕ ಒಂದು ಕಾಗದ ತಂದಿದ್ದರು. ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತು, ಹಿಂದುಗಡೆಯಿಂದ ಬಟ್ಟೆ ಅಂಟಿಸಿದ್ದರು. ಮೇಲೆ ಐದನೇ ಜಾರ್ಜನ ತಲೆ. ಶಾಯಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲು ಚಕ್ಕುಬಂದಿ, ಅಂದರೆ ನಾಲ್ಕು ಕಡೆಯ ಗಡಿ: ಮೂಡಲಾಗಿ ತೋಡು, ತೆಂಕಲಾಗಿ ಇಂಥವರ ವರ್ಗದ ಅಗಳು (ಗಡಿಯ ಕಂದಕ), ಪಡುವಲಾಗಿ ಪಾರೆಯ (ಬಂಡೆನೆಲದ) ಏಣು, ಬಡಗಲಾಗಿ ದಾರಿ. ಅದರ ಕೆಳಗೆ ಒಂದೇ ಉಸಿರಿನಲ್ಲಿ: ಈ ಗಡಿಯೊಳಗಿನ ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ ಸಹಿತ.

ಇದಕ್ಕೆ ಅಷ್ಟಭೋಗ ಅಂತ ಹೆಸರು. ಹಳೆಯ ಶಾಸನಗಳಲ್ಲೇ ಬರುವ ಸಾಲು. ರಾಜ ದಾನ ಕೊಡುವಾಗ ಬರೆಸುತ್ತಿದ್ದದ್ದು ಶಾನುಭೋಗರ ಕೈಯಲ್ಲಿ ರೂಢಿಯಾಗಿ, ತೆಂಗಿನ ತೋಟ ಮಾರುವ ಚೀಟಿಗೂ ಇಳಿದು ಬಂತು. ಹೂತಿಟ್ಟದ್ದು, ನೀರು, ಕಲ್ಲು, ಕುಂದದ ಆದಾಯ, ಮುಂದೆ ಬರುವುದು, ಈಗ ಇರುವುದು, ಮಾಡಿಕೊಳ್ಳಬಹುದಾದದ್ದು ಎಲ್ಲವೂ ಸೇರಿತು. ಪಾಷಾಣ ಅಂದರೆ ಕಲ್ಲೇ, ಸಂಶಯ ಬೇಡ.

ಆ ಸಾಲಿಗೆ ಬೆಲೆ ಇದೆಯಾ? ಇದೆ, ಆದರೆ ನೀವು ಅಂದುಕೊಂಡಷ್ಟು ಅಲ್ಲ. ಮಾರಿದವರು ಏನನ್ನೂ ತಮಗೆ ಇಟ್ಟುಕೊಳ್ಳಲಿಲ್ಲ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಮಾರಿದವರ ಮೊಮ್ಮಕ್ಕಳು ಬಂದು 'ಪಾರೆ ನಮ್ಮದಿತ್ತು' ಅಂದರೆ ಈ ಸಾಲು ತೋರಿಸಿ. ಸರಕಾರದ ಮುಂದೆ ಮಾತ್ರ ಅದು ನಡೆಯುವುದಿಲ್ಲ. ನಿಧಿಯನ್ನೇ ನೋಡಿ. ಅಗೆಯುವಾಗ ಹಳೆಯ ನಾಣ್ಯದ ಕೊಡ ಸಿಕ್ಕಿದರೆ ಕೇರಳದಲ್ಲಿ 1968ರ ಟ್ರೆಷರ್ ಟ್ರೋವ್ ಕಾನೂನು ಇದೆ, ಸರಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವ ಹಾಗಿಲ್ಲ. ಮುತ್ತಜ್ಜನ ಚೀಟಿಯ ಮೊದಲ ಪದಕ್ಕೇ ಹೀಗೆ ಆಗಿರುವಾಗ ನಾಲ್ಕನೆಯದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

"ಫಸಲಿ 1340, ಪ್ರಮೋದೂತ ಸಂವತ್ಸರ ಅಂತ ಉಂಟು. ಯಾವ ಇಸವಿ?"

1930-31. ಫಸಲಿ ಅಂದರೆ ಕಂದಾಯ ಲೆಕ್ಕದ ವರ್ಷ. ಮದ್ರಾಸಿನ ಫಸಲಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಫಸಲಿಗೆ 590 ಕೂಡಿಸಿದರೆ ಶುರುವಾದ ಇಸವಿ ಸಿಗುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಪ್ರಮೋದೂತ ಅಂತ ಮಾತ್ರ ಇದ್ದರೆ ಅದು 1870-71 ಕೂಡ ಆಗಬಹುದು. ಎರಡೂ ಇದ್ದರೆ ಒಂದಕ್ಕೊಂದು ತಾಳೆ ನೋಡಿ. ತಾಳೆ ಬಾರದಿದ್ದರೆ ನಕಲು ಮಾಡಿದವರ ಕೈತಪ್ಪು, ಅಥವಾ ಕಾಗದದ ಬಗ್ಗೆಯೇ ಸ್ವಲ್ಪ ಸಂಶಯ ಪಡಬೇಕು.

"ನಮ್ಮದು ವರ್ಗದ ಜಾಗ. ಜನ್ಮದ ಜಾಗ ಅಂತ ಎಲ್ಲೂ ಬರೆದಿಲ್ಲವಲ್ಲ?"

ಬರೆದಿರದೆಯೂ ಇರಬಹುದು. ಜನ್ಮ, ಜನ್ಮಿ ಅನ್ನುವುದು ಮಲಬಾರು ಜಿಲ್ಲೆಯ ಮಾತು. ನಮ್ಮದು ಆಗ ದಕ್ಷಿಣ ಕನ್ನಡ. ಇಲ್ಲಿ ಜಾಗ 'ವರ್ಗ'ದಲ್ಲಿ, ಅಂದರೆ ಸರಕಾರಕ್ಕೆ ಕಂದಾಯ ಕಟ್ಟುವ ಹಿಡುವಳಿಯಲ್ಲಿ, ಇರುತ್ತಿತ್ತು. ಯಜಮಾನ ವರ್ಗದಾರ. ಅವನ ಕೆಳಗೆ ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ. ಮೂಲಗೇಣಿ ಅಂದರೆ ಕಾಯಂ, ಗೇಣಿ ಏರುವುದಿಲ್ಲ. ಚಾಲಗೇಣಿ ವರ್ಷ ವರ್ಷದ್ದು. ವಾಯಿದೆಗೇಣಿ ಇಷ್ಟು ವರ್ಷಕ್ಕೆ ಅಂತ ಗೊತ್ತು ಮಾಡಿದ್ದು. ತ್ರೇಸ್ಯಮ್ಮ ಪ್ರಕರಣದ ಹಕ್ಕುದಾರರು ಜನ್ಮದವರು ಅನ್ನುವುದನ್ನು ನೆನಪಿಡಿ. ನಿಮ್ಮ ವಕೀಲರು ಆ ತೀರ್ಪನ್ನು ಹಳೆಯ ಅವಧಿಯ ಯಾವುದಾದರೂ ಲೆಕ್ಕಕ್ಕೆ ಬಳಸಬೇಕೆಂದಿದ್ದರೆ, ನಿಮ್ಮ ಆಧಾರದಲ್ಲಿ ಯಾವ ಪದ ಇದೆ ಅಂತ ಮೊದಲೇ ಹೇಳಿ.

"ಕುಮ್ಕಿಯಲ್ಲಿ ಒಳ್ಳೆಯ ಕಲ್ಲು ಉಂಟು. ನೂರು ವರ್ಷದಿಂದ ನಮ್ಮ ಕೈಯಲ್ಲೇ ಉಂಟು"

ಕೈಯಲ್ಲಿ ಇದ್ದದ್ದು ಸೊಪ್ಪು, ಹುಲ್ಲು, ಸೌದೆ. ವರ್ಗದ ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಕೃಷಿಗೆ ಬೇಕಾದದ್ದನ್ನು ತೆಗೆದುಕೊಳ್ಳುವ ಸವಲತ್ತೇ ಕುಮ್ಕಿ. ಜಾಗ ಸರಕಾರದ್ದು. ಅಲ್ಲಿನ ಕಲ್ಲಿಗೆ ನೀವು ಒಪ್ಪಿಗೆ ಬರೆದುಕೊಟ್ಟರೆ ಅದು ಪಕ್ಕದ ಮನೆಯ ದನವನ್ನು ಮಾರಿದ ಹಾಗೆ. ಬೇಡ.

## ಗೇಣಿ, ಪಟ್ಟೆ, ಪಾಲು

"ಅಜ್ಜ ಗೇಣಿ ಮಾಡುತ್ತಿದ್ದರು. ಕಲ್ಲು ಒಡೆಯರ ಮನೆಯವರಿಗೆ ಹೋಗ್ತದಾ?"

ಗೇಣಿಯಲ್ಲಿ ಇರುವ ತನಕ ಹೌದು ಅನ್ನಬಹುದಿತ್ತು. ಗೇಣಿದಾರ ಬೇಸಾಯ ಮಾಡಬಹುದು, ಗೇಣಿಗೆ ಕೊಡುವಾಗ ತೆರೆದಿರದ ಕೋರೆಯನ್ನು ಹೊಸದಾಗಿ ತೆರೆಯುವ ಹಾಗಿಲ್ಲ. ಸ್ವತ್ತು ವರ್ಗಾವಣೆ ಕಾನೂನಿನ 108ನೇ ಕಲಮಿನಲ್ಲಿ ಲೀಸಿಗೆ ಹೇಳಿದ್ದೂ ಇದನ್ನೇ, ಆದರೆ ಆ ಕಲಮು ಕೃಷಿ ಗೇಣಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಆದರೆ ಕೇರಳದಲ್ಲಿ 1970ರ ಜನವರಿ 1ರಂದು ಲೆಕ್ಕ ಬದಲಾಯಿತು. ಭೂಸುಧಾರಣೆ ಕಾನೂನಿಗೆ 1969ರಲ್ಲಿ ಆದ ತಿದ್ದುಪಡಿಯಿಂದ ಗೇಣಿ ಜಾಗದ ಮೇಲೆ ಒಡೆಯರಿಗೂ ನಡುವಿನವರಿಗೂ ಇದ್ದ ಹಕ್ಕು ಸರಕಾರಕ್ಕೆ ಹೋಗಿ, ಅಲ್ಲಿಂದ ಗೇಣಿದಾರನಿಗೆ ಬಂತು. ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟು ನಿಮ್ಮ ಮನೆಯಲ್ಲಿದ್ದರೆ ಅದೇ ನಿಮ್ಮ ಮೂಲ ಆಧಾರ. ಅದರ ಹಿಂದಿನ ಒಡೆಯರ ಕಾಗದ ಹುಡುಕುವ ಕೆಲಸ ಸಾಮಾನ್ಯವಾಗಿ ಬೀಳುವುದಿಲ್ಲ.

ಸರ್ಟಿಫಿಕೇಟಿನಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ಹೆಸರು. ಅಜ್ಜನ ಹೆಸರಿನಲ್ಲಿ ಇದ್ದರೂ ಗೇಣಿ ಕುಟುಂಬದ್ದಾಗಿತ್ತು ಅಂತ ಅಜ್ಜನ ತಮ್ಮಂದಿರ ಮಕ್ಕಳು ಬರಬಹುದು. ಹಳೆಯ ಗೇಣಿಚೀಟಿಯಲ್ಲಿ ಅಥವಾ ಮುಡಿ ಅಕ್ಕಿ ಸಲ್ಲಿಸಿದ ರಶೀದಿಯಲ್ಲಿ ಯಾರ ಹೆಸರಿದೆ ನೋಡಿ. ಇನ್ನೊಂದು, ವಿಸ್ತೀರ್ಣ. ಗದ್ದೆ, ತೋಟಕ್ಕೆ ಸರ್ಟಿಫಿಕೇಟು ಆಗಿ, ಮೇಲಿನ ಪಾರೆ ಬಿಟ್ಟುಹೋದದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ಕಾಲಕ್ಕೆ ಪಾರೆ ಯಾರಿಗೆ ಬೇಕಿತ್ತು! ಮುಳಿಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಕಲ್ಲು ಇರುವುದು ಅಲ್ಲೇ.

"ಸರಕಾರ ಕೊಟ್ಟ ಪಟ್ಟೆ ಜಾಗ ನಮ್ಮದು. ಕೋರೆ ಮಾಡಬಹುದಾ?"

ಯಾವ ಕೆಲಸಕ್ಕೆ ಕೊಟ್ಟ ಪಟ್ಟೆ ಅಂತ ಓದಿ. 1960ರ ಲ್ಯಾಂಡ್ ಅಸೈನ್‌ಮೆಂಟ್ ಕಾನೂನಿನ ಅಡಿಯಲ್ಲಿ ಬಂದದ್ದಾದರೆ ಕೃಷಿಗೆ, ಮನೆ ಕಟ್ಟಲು ಅಂತ ಇರುತ್ತದೆ. ಅಲ್ಲಿ ಕಲ್ಲು ತೆಗೆದರೆ ಶರತ್ತು ಮುರಿದ ಹಾಗೆ. ಪಟ್ಟೆಯೇ ರದ್ದಾಗುವ ಅಪಾಯ ಇದೆ. ಕಲ್ಲಿನ ಆಸೆಗೆ ಜಾಗವನ್ನೇ ಕಳೆದುಕೊಳ್ಳಬೇಡಿ.

ರಬ್ಬರು ತೋಟ ಅಂತ, ಒಂದು ಮನೆಯವರು ಇಟ್ಟುಕೊಳ್ಳಬಹುದಾದ ಭೂಮಿಯ ಮಿತಿಯಿಂದ ಬಿಡಿಸಿಕೊಂಡ ಜಾಗದ ಕಥೆಯೂ ಸೂಕ್ಷ್ಮ. ತೋಟ ತೆಗೆದು ಬೇರೆ ಕೆಲಸಕ್ಕೆ ಬಳಸಿದರೆ ಅದು ಮಿತಿಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ, ಹೆಚ್ಚುವರಿ ಭೂಮಿಯ ಕೇಸು ಏಳಬಹುದು.

"ನಾವು ಅಳಿಯಸಂತಾನದವರು. ಮಾವನ ಹೆಸರಿನ ಜಾಗಕ್ಕೆ ಯಾರು ಸಹಿ ಹಾಕಬೇಕು?"

ಅಳಿಯಸಂತಾನದಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮೊದಲು ನೋಡಬೇಕಾದ ದಿನ 1976ರ ಡಿಸೆಂಬರ್ 1. ಕೇರಳದ ಕೂಡುಕುಟುಂಬ ರದ್ದತಿ ಕಾನೂನು ಜಾರಿಗೆ ಬಂದದ್ದು ಅವತ್ತು. ಕುಟುಂಬದ ಆಸ್ತಿ ಅಷ್ಟರೊಳಗೆ ಪಾಲಾಗದೆ ಉಳಿದಿದ್ದರೆ, ಆ ದಿನ ಬದುಕಿದ್ದ ಸದಸ್ಯರೆಲ್ಲ ತಲೆಗೊಂದು ಪಾಲಿನಂತೆ ಹಕ್ಕುದಾರರಾದರು. ಒಂದು ವಾರದ ಮಗುವೂ ಒಂದು ತಲೆಯೇ. ಹಾಗಾಗಿ ಕುಟುಂಬದ ಹೆಸರುಗಳನ್ನು ಆ ತಾರೀಕಿಗೆ ನಿಲ್ಲಿಸಿ ಒಂದು ಪಟ್ಟಿ ಮಾಡಿ. ಆಮೇಲೆ ಪ್ರತಿಯೊಬ್ಬರ ಪಾಲು ಅವರವರ ವಾರಸುದಾರರಿಗೆ ಹೇಗೆ ಇಳಿಯಿತು ಅಂತ ಬೇರೆ ಬೇರೆ ಬರೆಯಿರಿ.

ಅದಕ್ಕೂ ಮೊದಲೇ ಪಾಲುಪಟ್ಟಿ ಆಗಿದ್ದರೆ ಅದರಲ್ಲಿ 'ನಿಸ್ಸಂತತಿ ಕವರು' (ಹೆಣ್ಣುಸಂತತಿ ಮುಂದುವರಿಯದ ಕವಲು) ಅನ್ನುವ ಮಾತು ಇದೆಯಾ ಹುಡುಕಿ. 1949ರ ಮದ್ರಾಸ್ ಅಳಿಯಸಂತಾನ ಕಾನೂನಿನಲ್ಲಿ ಅಂಥ ಕವರಿಗೆ ಬದುಕಿರುವ ತನಕದ ಹಕ್ಕು ಮಾತ್ರ ಇತ್ತು. ಇದು ಕಂಡರೆ ನನ್ನಂಥವರ ಹತ್ತಿರ ನಿಲ್ಲಬೇಡಿ, ಸೀದಾ ವಕೀಲರಲ್ಲಿಗೆ ಹೋಗಿ.

ಯಜಮಾನ ಮಾವ ಒಬ್ಬರೇ ಸಹಿ ಹಾಕಿದರೆ ಸಾಕು ಅನ್ನುವ ಕಾಲ ಮುಗಿದಿದೆ.

"ಹವ್ಯಕರಲ್ಲಿ ಅಕ್ಕ-ತಂಗಿಯರಿಗೆ ಪಾಲು ಉಂಟಾ? ಅವರು ಮದುವೆಯಾಗಿ ಹೋಗಿ ನಲವತ್ತು ವರ್ಷ ಆಯ್ತು"

ಮದುವೆಗೂ ಪಾಲಿಗೂ ಸಂಬಂಧ ಇಲ್ಲ. ಅಪ್ಪನ ಸ್ವಂತ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ 1956ರಿಂದಲೇ ಹಕ್ಕಿದೆ. ಪಿತ್ರಾರ್ಜಿತದ ವಿಷಯದಲ್ಲಿ 1975ರ ಕೇರಳ ಕಾನೂನು ದೊಡ್ಡದೋ 2005ರ ಕೇಂದ್ರ ತಿದ್ದುಪಡಿ ದೊಡ್ಡದೋ ಅಂತ ಜಗಳ ಇತ್ತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಹೆಣ್ಣುಮಕ್ಕಳ ಕಡೆಗೆ ಹೇಳಿತು. ಕೋರೆಯ ಒಪ್ಪಿಗೆಗೆ ಅಕ್ಕಂದಿರ ಸಹಿ ಬಿಟ್ಟರೆ ಮುಂದೆ ಸ್ಟೇ ಬರುವುದು ಅಲ್ಲಿಂದಲೇ.

"ಪಾಲಿನ ಅರ್ಧ ಜಾಗ ಪುತ್ತೂರು ತಾಲೂಕಿನಲ್ಲಿ ಉಂಟು. ಅದಕ್ಕೂ ಇದೇ ಲೆಕ್ಕವಾ?"

ಕಾಗದವೂ ಬೇರೆ, ಕಾನೂನೂ ಬೇರೆ. ಅಲ್ಲಿ ತಂಡಪೇರು ಇಲ್ಲ, ಪಹಣಿ ಇದೆ. ಕರ್ನಾಟಕದ 1964ರ ಭೂಕಂದಾಯ ಕಾನೂನಿನ 70ನೇ ಕಲಮು, ಮಂಜೂರಾತಿಯಲ್ಲಿ ಬೇರೆ ಹೇಳಿರದಿದ್ದರೆ ಗಣಿ-ಖನಿಜ ಸರಕಾರದ್ದು ಅನ್ನುತ್ತದೆ. ಒಂದೇ ಪಾಲುಪಟ್ಟಿಯಲ್ಲಿ ಎರಡೂ ರಾಜ್ಯದ ಜಾಗ ಇದ್ದರೆ ಅದರ ದೃಢೀಕೃತ ನಕಲು ಎರಡು ತರಿಸಿ, ಎರಡು ಕಟ್ಟು ಮಾಡಿ. ಬೆರೆಸಬೇಡಿ.

## ಕೋರೆಯವರು ಬಾಗಿಲಿಗೆ ಬಂದ ಮೇಲೆ

"ಚಿಕ್ಕಪ್ಪನ ಮಗ ಒಬ್ಬನೇ ಒಪ್ಪಿಗೆ ಬರೆದುಕೊಟ್ಟಿದ್ದಾನೆ. ಈಗ ಏನು ಮಾಡುವುದು?"

ಇದು ನಮ್ಮ ಮನೆಯಲ್ಲೇ ಆದದ್ದು. ಮನೆಯ ಮೇಲುಗಡೆ ಎರಡು ಎಕರೆ ಚಿಲ್ಲರೆ ಪದವು. ಅಜ್ಜನ ಕಾಲದಿಂದ ಪಾಲಾಗಿರಲಿಲ್ಲ. ದನ ಮೇಯುತ್ತಿತ್ತು, ಮಕ್ಕಳು ಚೆಂಡಾಡುತ್ತಿದ್ದರು. ತೆರಿಗೆ ಕಟ್ಟುತ್ತಿದ್ದದ್ದು ಚಿಕ್ಕಪ್ಪ. ವರ್ಷಕ್ಕೆ ಅಷ್ಟು ಕಡಿಮೆ ದುಡ್ಡು, ಯಾರು ಕೇಳುತ್ತಾರೆ? ರಶೀದಿ ಅವರ ಹೆಸರಿಗೇ ಬರುತ್ತಿತ್ತು. ಅವರು ತೀರಿಹೋದ ಮೇಲೆ ಮಗ ಆ ರಶೀದಿಗಳನ್ನು ತೋರಿಸಿ ಕೈವಶ (ಪೊಸೆಶನ್) ಸರ್ಟಿಫಿಕೇಟು ಮಾಡಿಸಿ, ಕೋರೆಯವರಿಗೆ ಒಪ್ಪಿಗೆ ಬರೆದುಕೊಟ್ಟ. ಆಫೀಸಿನವರು ರಶೀದಿ ನೋಡಿದರು, ಪಾಲುಪಟ್ಟಿ ಎಲ್ಲಿ ಅಂತ ಕೇಳಲಿಲ್ಲ.

ವಿಷುವಿಗೆ ಊರಿಗೆ ಹೋದಾಗ ಪದವು ಹತ್ತಿ ನೋಡಿದೆ. ಎರಡಾಳು ಆಳ, ಗೋಡೆ ಚಾಕುವಿನಲ್ಲಿ ಕೊಯ್ದ ಹಾಗೆ ನೇರ, ಯಂತ್ರದ ಬ್ಲೇಡಿನ ಗೀರು ಸಾಲು ಸಾಲಾಗಿ. ತಳದಲ್ಲಿ ಬಿಳಿ ಚೇಡಿಮಣ್ಣು ಕಾಣುತ್ತಿತ್ತು. ಅಂದರೆ ಕಲ್ಲು ಮುಗಿದಿತ್ತು. ಗೇರುಮರದ ಎಲೆಯ ಮೇಲೆಲ್ಲ ಕೆಂಪು ಧೂಳು.

ನಾವು ಕೋರ್ಟಿಗೆ ಹೋಗಲಿಲ್ಲ. ದೊಡ್ಡತ್ತೆ ಇದ್ದರು, ಅವರ ಎದುರು ಕೂತು ಮಾತಾಡಿದೆವು. ಎಷ್ಟು ಲೋಡು ಹೋಯಿತು ಅನ್ನುವ ಲೆಕ್ಕ ಕೋರೆಯವರ ಲಾರಿ ಪಾಸಿನ ಪುಸ್ತಕದಲ್ಲಿ ಇತ್ತು, ಅದರ ಮೇಲೆ ಪಾಲು ಮಾಡಿದೆವು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಬಂತು, ಯಾರಿಗೂ ಸಮಾಧಾನ ಆಗಲಿಲ್ಲ.

ನಿಮಗೆ ಹೇಳುವುದು ಇಷ್ಟು. ಕೂಡು ಹಕ್ಕಿನ ಜಾಗವನ್ನು ಒಬ್ಬ ಅನುಭವಿಸಬಹುದು, ಮುಗಿಸುವ ಹಾಗಿಲ್ಲ. ತೆಂಗಿನಕಾಯಿ ಕೊಯ್ದರೆ ಮತ್ತೆ ಬಿಡುತ್ತದೆ, ಕಲ್ಲು ಬಿಡುವುದಿಲ್ಲ. ಕೆಲಸ ಇನ್ನೂ ನಡೆಯುತ್ತಿದ್ದರೆ ಆ ದಿನವೇ ಜಿಯಾಲಜಿ ಆಫೀಸಿಗೂ ವಿಲೇಜ್ ಆಫೀಸಿಗೂ ತಕರಾರು ಅರ್ಜಿ ಕೊಡಿ. ಜೊತೆಗೆ ವಾರಸು ಸರ್ಟಿಫಿಕೇಟಿನ ಪ್ರತಿ, ಅಜ್ಜನ ಹೆಸರಿನ ಆಧಾರದ ಪ್ರತಿ ಇಡಿ. ಸ್ವೀಕೃತಿ ರಶೀದಿ ತಗೊಳ್ಳಿ. ನಿಲ್ಲದಿದ್ದರೆ ಮುನ್ಸಿಫ್ ಕೋರ್ಟಿನಲ್ಲಿ ತಡೆ ಕೇಳಬಹುದು, ಪಾಲಿನ ದಾವೆಯಲ್ಲಿ ತೆಗೆದ ಕಲ್ಲಿನ ಲೆಕ್ಕವನ್ನೂ ಕೇಳಬಹುದು. ಇದೆಲ್ಲದಕ್ಕಿಂತ ಮೊದಲು, ತೆರಿಗೆಯನ್ನು ಆಗಾಗ ನೀವೂ ಕಟ್ಟಿ.

"ಅಜ್ಜ ಜಾಗ ಮಾರುವಾಗ 'ಪಾರೆಯ ಕಲ್ಲು ಬಿಟ್ಟು' ಅಂತ ಬರೆಸಿದ್ದಾರೆ. ಆ ಕಲ್ಲು ನಮ್ಮದಾ?"

ಅಪರೂಪದ ಸಾಲು. ನಾನು ಎರಡೋ ಮೂರೋ ಸಲ ನೋಡಿದ್ದು. ಆಧಾರದಲ್ಲಿ ಬೇರೆ ಇರಾದೆ ಬರೆದಿರದಿದ್ದರೆ ಜಾಗದ ಜೊತೆ ಎಲ್ಲವೂ ಹೋಗುತ್ತದೆ ಅನ್ನುವುದು ಸ್ವತ್ತು ವರ್ಗಾವಣೆ ಕಾನೂನಿನ 8ನೇ ಕಲಮು. ಇಲ್ಲಿ ಬೇರೆ ಬರೆದಿದ್ದಾರೆ, ಹಾಗಾಗಿ ಆ ಮಾತಿಗೆ ತೂಕ ಇತ್ತು. ಆದರೆ 2021ರ ಕಾನೂನಿನ ಮೇಲೆ ಅದು ಎಷ್ಟು ನಿಲ್ಲುತ್ತದೆ ಅನ್ನುವುದು ವಕೀಲರು ಹೇಳಬೇಕಾದ ಮಾತು. ಮನೆ ಅಡಿಪಾಯಕ್ಕೆ ನಾಲ್ಕು ಕಲ್ಲು ತೆಗೆಯಲು ಬರೆಸಿಕೊಂಡದ್ದೋ, ಇಡೀ ಪಾರೆಯೋ ಅನ್ನುವುದೂ ಮುಖ್ಯ. ಸಾಲನ್ನು ಪೂರ್ತಿ ಓದಿ, ಮೊದಲ ಮೂರು ಪದಕ್ಕೆ ನಿಲ್ಲಬೇಡಿ.

"ಅಪ್ಪ ಹಿಂದೆ ಒಬ್ಬರಿಗೆ ಬಿಳಿ ಹಾಳೆಯಲ್ಲಿ ಕಲ್ಲು ತೆಗೆಯಲು ಬರೆದುಕೊಟ್ಟಿದ್ದರಂತೆ. ಈಗ ಅವರ ಮಗ ಬಂದಿದ್ದಾನೆ"

ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸು ರಿಜಿಸ್ಟರ್ ಆಗಿರಬೇಕು. ಬಿಳಿ ಹಾಳೆ ಹಿಡಿದು ಬಂದವನಿಗೆ ಚಹಾ ಕೊಡಿ, ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ, ಹೊಸದಾಗಿ ಏನೂ ಬರೆದುಕೊಡಬೇಡಿ. ಮುಂಗಡ ಅಂತ ಅವನ ಕೈಯಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಬೇಡಿ. ಹಳೆಯ ಒಪ್ಪಂದವನ್ನು ನೀವೇ ಒಪ್ಪಿದ ಹಾಗೆ ಆದೀತು. ಹೇಗಿದ್ದರೂ ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ತೀರ್ಪಿನ ಮೇಲೆ ಸಣ್ಣ ಕೋರೆಗಳಿಗೂ ಪರಿಸರ ಅನುಮತಿಯ ಪ್ರಶ್ನೆ ಬಂದಿದೆ, ಕೇರಳದ 2015ರ ಮೈನರ್ ಮಿನರಲ್ ನಿಯಮಗಳು ಬಂದಿವೆ. ಹಳೆಯ ಚೀಟಿಯಲ್ಲಿ ಇವತ್ತು ಲಾರಿ ಹೊರಡುವುದಿಲ್ಲ.

"ನಮ್ಮ ಗುಡ್ಡೆಯಲ್ಲಿ ಬಾಕ್ಸೈಟ್ ಉಂಟಂತೆ. ಕೋಟ್ಯಾಧಿಪತಿ ಆಗ್ತೇವಾ?"

ಕುಂಬಳೆ, ಕಾಞಂಗಾಡು, ನೀಲೇಶ್ವರದ ಕಡೆ ಕೆಂಪುಕಲ್ಲಿನ ಜೊತೆ ಬಾಕ್ಸೈಟ್ ಇರುವುದು ನಿಜ. ಆದರೆ ಅದು ಮೈನರ್ ಅಲ್ಲ, ಮೇಜರ್ ಮಿನರಲ್. 2015ರ ತಿದ್ದುಪಡಿಯ ನಂತರ ಅದರ ಗುತ್ತಿಗೆ ಹರಾಜಿನಲ್ಲಿ ಹೋಗುತ್ತದೆ. ಗುತ್ತಿಗೆ ಹಿಡಿದವನು ಮೇಲಿನ ಜಾಗದವನಿಗೆ ಪರಿಹಾರ ಕೊಡಬೇಕು, ಅದು ಗಣಿ ಕಾನೂನಿನ 24ಎ ಕಲಮು. ನಿಮಗೆ ಸಿಗುವುದು ಆ ಪರಿಹಾರ. ಅದಕ್ಕೂ ಬೇಕಾದದ್ದು ಜಾಗದ ಕಾಗದವೇ.

"ಹಿಂದೆ ಕಟ್ಟಿದ ರಾಯಲ್ಟಿ ವಾಪಸ್ ಸಿಗ್ತದಾ?"

2013ರ ತೀರ್ಪು ಆ ಪ್ರಶ್ನೆಯನ್ನು ಮುಟ್ಟದೆ ದೊಡ್ಡ ಪೀಠಕ್ಕೆ ಬಿಟ್ಟಿತ್ತು. 2024ರ ಜುಲೈ 25ರಂದು ಒಂಬತ್ತು ನ್ಯಾಯಾಧೀಶರ ಪೀಠ ರಾಯಲ್ಟಿ ಅಂದರೆ ತೆರಿಗೆ ಅಲ್ಲ ಅಂತ ಹೇಳಿತು, ಎಂಟಕ್ಕೆ ಒಂದು ಮತದಲ್ಲಿ. ದೊಡ್ಡ ಮೊತ್ತ ಕಟ್ಟಿದವರು ಚಲನ್‌ಗಳನ್ನು ಇಸವಿ ಪ್ರಕಾರ ಜೋಡಿಸಿಕೊಂಡು ಹೈಕೋರ್ಟಿನ ವಕೀಲರನ್ನು ಕಾಣಲಿ. ಎರಡು ಲೋಡು ಕಲ್ಲಿಗೆ ಕಟ್ಟಿದವರು ಸುಮ್ನೆ ಇರುವುದೇ ಲಾಭ.

"ಡಿಜಿಟಲ್ ಸರ್ವೆಯಲ್ಲಿ ಪಾರೆಯ ಒಂದು ಮೂಲೆ ಪಕ್ಕದವರಿಗೆ ಹೋಗಿದೆ"

ಕೇರಳದಲ್ಲಿ ಡಿಜಿಟಲ್ ರೀಸರ್ವೆ 2022ರ ನವೆಂಬರ್ 1ಕ್ಕೆ ಶುರುವಾಯಿತು. 'ಎಂಡೆ ಭೂಮಿ' (ನನ್ನ ಭೂಮಿ) ಅನ್ನುವ ಜಾಗದ ದಾಖಲೆಯ ಪೋರ್ಟಲ್ಲಿಗೆ ಮೊದಲು ಬಂದ ಗ್ರಾಮ ನಮ್ಮ ಜಿಲ್ಲೆಯ ಉಜಾರುಳ್ವಾರೇ. ಗದ್ದೆಗೆ ಹುಣಿ (ಬದು) ಇದೆ, ತೋಟಕ್ಕೆ ಅಗಳು ಇದೆ. ಪಾರೆಗೆ ಗುರುತು ಏನೂ ಇಲ್ಲ. ಸರ್ವೆಯವರು ಬಂದಾಗ ಯಾರು ನಿಂತಿದ್ದರೋ ಅವರು ಬೆರಳು ತೋರಿಸಿದ್ದೇ ಗಡಿ. ಪ್ರಕಟಣೆ ಬಂದ ಕೂಡಲೇ ನಕ್ಷೆ ನೋಡಿ, ತಕರಾರಿಗೆ ಕೊಟ್ಟ ಗಡುವಿನೊಳಗೆ ಹಳೆಯ ಎಫ್.ಎಂ.ಬಿ. (ಸರ್ವೆಯ ಅಳತೆ ಪುಸ್ತಕ) ನಕಲು ಇಟ್ಟು ಅರ್ಜಿ ಹಾಕಿ. ಅರ್ಜಿ ಕನ್ನಡದಲ್ಲೇ ಬರೆಯಬಹುದು, ಭಾಷಾ ಅಲ್ಪಸಂಖ್ಯಾತರ ಜಿಲ್ಲೆ ಇದು. ಸರ್ವೆ ನಂಬ್ರ, ವಿಸ್ತೀರ್ಣ ಮಾತ್ರ ಅವರ ದಾಖಲೆಯಲ್ಲಿ ಇರುವ ಹಾಗೇ ಬರೆಯಿರಿ.

"ನಮ್ಮಲ್ಲಿ ಕೋರೆ ಇಲ್ಲ. ಮೇಲಿನವರು ಕಲ್ಲು ತೆಗೆದು ನಮ್ಮ ಸುರಂಗದ ನೀರು ಬತ್ತಿತು. ನಮ್ಮ ಹಳೆ ಕಾಗದದಲ್ಲಿ ಏನಾದರೂ ದಾರಿ ಉಂಟಾ?"

ಇದೆ, ಆದರೆ ಸಪೂರ ದಾರಿ. 1882ರ ಈಸ್‌ಮೆಂಟ್ ಕಾನೂನಿನ ಪ್ರಕಾರ ನಿಮ್ಮ ಮಣ್ಣು ಕುಸಿಯದ ಹಾಗೆ ಪಕ್ಕದ ಜಾಗದ ಆಸರೆ ಇರಬೇಕು. ಕೋರೆಯಿಂದ ನಿಮ್ಮ ಗುಡ್ಡೆ ಜರಿದರೆ ಕೇಳಬಹುದು. ಗೊತ್ತಾದ ಕಾಲುವೆಯಿಲ್ಲದೆ ಮಣ್ಣಿನೊಳಗೆ ಒಸರುವ ನೀರಿನ ವಿಷಯದಲ್ಲಿ ಮಾತ್ರ ಅದೇ ಕಾನೂನು ಮೇಲಿನವರ ಕಡೆಗೆ ವಾಲುತ್ತದೆ. ಸುರಂಗಕ್ಕೆ, ಅಂದರೆ ನೀರಿಗೋಸ್ಕರ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಮಾಟೆಗೆ, ಬರುವುದು ಅಂಥ ಒಸರು ನೀರೇ.

ಆದರೂ ಪಾಲುಪಟ್ಟಿ ತೆಗೆದು ನೋಡಿ. ಮೇಲಿನ ಜಾಗವೂ ಕೆಳಗಿನದೂ ಒಂದು ಕಾಲಕ್ಕೆ ಒಂದೇ ಮನೆಯದ್ದಾಗಿದ್ದರೆ 'ಸುರಂಗದ ನೀರಿಗೆ ಅಡ್ಡಿ ಮಾಡಬಾರದು' ಅಂತ ಒಂದು ಸಾಲು ಬರೆಸಿರುತ್ತಾರೆ. ನಮ್ಮ ಹಿರಿಯರು ಕಲ್ಲಿನ ಬಗ್ಗೆ ಬರೆಸಿದ್ದು ಕಡಿಮೆ, ನೀರಿನ ಬಗ್ಗೆ ಬರೆಸದೆ ಬಿಟ್ಟದ್ದು ಕಡಿಮೆ. ಆ ಸಾಲು ಸಿಕ್ಕಿದರೆ ಅದರ ನಕಲು ತರಿಸಿ, ಸುರಂಗದ ಬಾಯಿಯಲ್ಲಿ ಒಂದು ಬಿಂದಿಗೆ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಅಂತ ದಿನಾ ಬೆಳಿಗ್ಗೆ ಬರೆದಿಡಲು ಶುರು ಮಾಡಿ.